ಮನೆಯಲ್ಲಿ ಒಬ್ಬರಿಗೆ ಶ್ವಾಸಕೋಶದ ಕ್ಯಾನ್ಸರ್: ನಮಗೂ ಬರುತ್ತಾ ಅಂತ ನೋಡಿಕೊಳ್ಳುವುದು ಹೇಗೆ?

ಚಿಕ್ಕಮ್ಮನ ರಿಪೋರ್ಟ್ ಬಂದ ದಿನ ರಾತ್ರಿ ಹನ್ನೊಂದಕ್ಕೆ ಅವರ ಮಗಳು ಫೋನ್ ಮಾಡಿದಳು. "ಅಕ್ಕಾ, ಜೀನ್ ಮ್ಯುಟೇಷನ್ ಪಾಸಿಟಿವ್ ಅಂತ ಬರೆದಿದ್ದಾರೆ. ಜೀನ್ ಅಂದ್ರೆ ವಂಶದ್ದು ತಾನೇ? ಹಂಗಾದ್ರೆ ನನಗೂ ಬರುತ್ತಾ? ಪುಟ್ಟಿಗೂ?" ಪುಟ್ಟಿಗೆ ಆಗ ನಾಲ್ಕು ವರ್ಷ.

ಚಿಕ್ಕಮ್ಮ ಜೀವನದಲ್ಲಿ ಒಂದು ಬೀಡಿ ಮುಟ್ಟಿದವರಲ್ಲ. ಅದಕ್ಕೇ ಎಲ್ಲರಿಗೂ ವಂಶದ ಮೇಲೆ ಅನುಮಾನ ಬಂದಿದ್ದು. ಇನ್ನೊಂದು ಕಡೆ, ದಿನಕ್ಕೊಂದು ಕಟ್ಟು ಬೀಡಿ ಸೇದಿ 88 ವರ್ಷ ಬದುಕಿದ ಅಜ್ಜನ ಕಥೆ ಯಾವ ಮನೆಯಲ್ಲಿ ಇಲ್ಲ ಹೇಳಿ? ಈ ಎರಡು ಕಥೆಗಳ ನಡುವೆ ಸಿಕ್ಕಿಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಆವತ್ತಿನಿಂದ ಓದಿ, ಕೇಳಿ, ನಮ್ಮ ಮನೆಯಲ್ಲೇ ಮಾಡಿ ನೋಡಿದ್ದನ್ನು ಅದೇ ಕ್ರಮದಲ್ಲಿ ಹೇಳುತ್ತೇನೆ.

1. ರಿಪೋರ್ಟಿನಲ್ಲಿರುವ ಜೀನ್ ಯಾರದ್ದು ಅಂತ ನೋಡಿ

ಹೆಚ್ಚಿನವರು ಎಡವುವುದು ಇಲ್ಲೇ. ನೇಯುವಾಗಲೇ ಎಳೆ ತಪ್ಪಿದ ಸೀರೆ ಒಂದು. ಉಟ್ಟುಕೊಂಡು ಒಲೆ ಮುಂದೆ ಕೂತಾಗ ಕಿಡಿ ಸಿಡಿದು ತೂತಾದ ಸೀರೆ ಇನ್ನೊಂದು. ಎರಡರಲ್ಲೂ ದೋಷ ಇದೆ. ಆದರೆ ಮೊದಲನೆಯದು ಹುಟ್ಟಿನಿಂದ ಬಂದದ್ದು, ಎರಡನೆಯದು ಆಮೇಲೆ ಆದದ್ದು. ಹುಟ್ಟಿನಿಂದ ಬಂದದ್ದನ್ನು ಲ್ಯಾಬಿನವರು ಜರ್ಮ್‌ಲೈನ್ ಅನ್ನುತ್ತಾರೆ. ಅದು ಮೈಯ ಪ್ರತಿ ಜೀವಕೋಶದಲ್ಲೂ ಇರುತ್ತದೆ, ಮಕ್ಕಳಿಗೂ ಹೋಗಬಹುದು. ಆಮೇಲೆ ಗಡ್ಡೆಯಲ್ಲಿ ಮಾತ್ರ ಆದದ್ದು ಸೊಮ್ಯಾಟಿಕ್. ಅದು ಮಕ್ಕಳಿಗೆ ಹೋಗುವುದಿಲ್ಲ.

ಶ್ವಾಸಕೋಶದ ಕ್ಯಾನ್ಸರ್ ರಿಪೋರ್ಟಿನಲ್ಲಿ ಕಾಣುವ ಜೀನ್‌ಗಳಲ್ಲಿ ಬಹುಪಾಲು ಈ ಎರಡನೇ ಜಾತಿಯವು. ಚಿಕ್ಕಮ್ಮನ ರಿಪೋರ್ಟಿನಲ್ಲಿ ಇದ್ದದ್ದು "ಇಜಿಎಫ್‌ಆರ್ ಎಕ್ಸಾನ್ 19 ಡಿಲೀಷನ್". ಇಜಿಎಫ್‌ಆರ್ ಎಂಬ ಜೀನಿನ ಒಂದು ಸಣ್ಣ ತುಣುಕು ಬಿಟ್ಟುಹೋಗಿದೆ ಅಂತ ಅರ್ಥ. ನಮ್ಮ ದೇಶದಲ್ಲಿ ಅಡಿನೊಕಾರ್ಸಿನೋಮಾ ಎಂಬ ಬಗೆ ಬಂದವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗಾದರೂ ಇಜಿಎಫ್‌ಆರ್ ಬದಲಾವಣೆ ಇರುತ್ತದೆ. ಸಿಗರೇಟ್ ಸೇದದವರಲ್ಲಿ, ಹೆಂಗಸರಲ್ಲಿ ಇನ್ನೂ ಜಾಸ್ತಿ. ಇದು ಗಡ್ಡೆಯಲ್ಲಿ ಹುಟ್ಟಿದ ಬದಲಾವಣೆ. ಡಾಕ್ಟರ್ ಅದನ್ನು ಹುಡುಕುವುದು ವಂಶ ತಿಳಿಯಲು ಅಲ್ಲ, ಮಾತ್ರೆ ಆರಿಸಲು. ಜೆಫಿಟಿನಿಬ್, ಒಸಿಮರ್ಟಿನಿಬ್ ಥರದ ಮಾತ್ರೆಗಳು ಕೆಲಸ ಮಾಡುವುದು ಈ ಬದಲಾವಣೆ ಇದ್ದಾಗಲೇ. ಹಾಗಾಗಿ ಅಲ್ಲಿ "ಪಾಸಿಟಿವ್" ಅಂದರೆ ಒಂದು ಬಾಗಿಲು ತೆರೆಯಿತು ಅಂತ.

ಇದಕ್ಕೆ ಒಂದು ಅಪವಾದ ಇದೆ. ರಿಪೋರ್ಟಿನಲ್ಲಿ "ಟಿ790ಎಂ" ಅಂತ, ಅಂದರೆ ಅದೇ ಇಜಿಎಫ್‌ಆರ್ ಜೀನಿನ ಇನ್ನೊಂದು ಬದಲಾವಣೆ, ಇದ್ದರೆ ದಿನಾಂಕ ನೋಡಿ. ಜೆಫಿಟಿನಿಬ್‌ನಂಥ ಮಾತ್ರೆ ಶುರು ಮಾಡಿ ಸುಮಾರು ಸಮಯದ ಮೇಲೆ ಅದು ಕಂಡರೆ ಆಶ್ಚರ್ಯವಿಲ್ಲ. ಮಾತ್ರೆಗೆ ಗಡ್ಡೆ ಪಳಗಿದೆ ಅಂತ ಅರ್ಥ. ಆದರೆ ಒಂದೂ ಮಾತ್ರೆ ನುಂಗುವ ಮೊದಲೇ ಅದು ಕಂಡರೆ, ಹುಟ್ಟಿನಿಂದಲೇ ಇತ್ತೇ ಅಂತ ಕೇಳಲೇಬೇಕು. ಹೀಗೆ ಟಿ790ಎಂ ತಲೆಮಾರಿನಿಂದ ತಲೆಮಾರಿಗೆ ಸಾಗಿದ ಒಂದು ಕುಟುಂಬದ ವರದಿ 2005ರಲ್ಲಿ ಬಂತು. ಇಂಥ ಮನೆತನಗಳು ತೀರಾ ಅಪರೂಪ. ಟಿಪಿ53, ಬಿಆರ್‌ಸಿಎ2 ಎಂಬ ಜೀನ್‌ಗಳ ಹೆಸರು ಕಂಡಾಗಲೂ ಇದೇ ಪ್ರಶ್ನೆ ಕೇಳಿ: "ಡಾಕ್ಟ್ರೇ, ಇದು ಗಡ್ಡೆಯದ್ದಾ, ರಕ್ತದಲ್ಲೂ ಇದೆಯಾ?" ಗಡ್ಡೆಯ ರಿಪೋರ್ಟ್ ಒಂದರಿಂದಲೇ ಅದನ್ನು ಖಚಿತವಾಗಿ ಹೇಳಲು ಆಗುವುದಿಲ್ಲ. ರಕ್ತ ಅಥವಾ ಎಂಜಲಿನ ಪರೀಕ್ಷೆ ಬೇರೆಯೇ ಬೇಕು.

2. ವಂಶವೃಕ್ಷ ಬರೆಯಿರಿ, ಪ್ರತಿ ಹೆಸರಿನ ಪಕ್ಕ ಹೊಗೆಯನ್ನೂ ಬರೆಯಿರಿ

ಸಾವಿರಾರು ರೂಪಾಯಿ ಪರೀಕ್ಷೆಗಿಂತ ಮೊದಲು ಬೇಕಾದ್ದು ಒಂದು ಹಾಳೆ, ಒಂದು ಪೆನ್ಸಿಲ್. ನಾವು ಬರೆದದ್ದು ಹಳೆಯ ಲಗ್ನಪತ್ರಿಕೆಯ ಹಿಂಬದಿಯಲ್ಲಿ. ಮೂರು ತಲೆಮಾರು ಸಾಕು: ನೀವು ಮತ್ತು ಒಡಹುಟ್ಟಿದವರು, ಅಪ್ಪ-ಅಮ್ಮ ಮತ್ತು ಅವರ ಒಡಹುಟ್ಟಿದವರು, ಎರಡೂ ಕಡೆಯ ಅಜ್ಜ-ಅಜ್ಜಿ. ಮಕ್ಕಳಿದ್ದರೆ ಕೆಳಗೆ ಇನ್ನೊಂದು ಸಾಲು.

ಪ್ರತಿಯೊಬ್ಬರ ಪಕ್ಕ ನಾಲ್ಕು ವಿಷಯ ಬರೆಯಿರಿ. ಯಾವ ಕ್ಯಾನ್ಸರ್, ಯಾವ ವಯಸ್ಸಿನಲ್ಲಿ ಬಂತು, ಈಗ ಇದ್ದಾರಾ ಇಲ್ಲವಾ, ಮತ್ತು ಹೊಗೆ. ಈ ನಾಲ್ಕನೇ ಕಾಲಂ ನನ್ನ ಸ್ವಂತ ಹಠ. ಹೊಗೆ ಅಂದರೆ ಬೀಡಿ-ಸಿಗರೇಟ್ ಮಾತ್ರ ಅಲ್ಲ. ಮನೆಯೊಳಗೆ ಇನ್ನೊಬ್ಬರು ಸೇದುತ್ತಿದ್ದರಾ? ಸೌದೆ ಒಲೆಯಾ? ಕಲ್ಲಿದ್ದಲಾ? ಅಡುಗೆಮನೆಗೆ ಹೊಗೆಗೂಡು ಇತ್ತಾ? ಕೆಲಸ ಏನು? ಕಲ್ಲು ಒಡೆಯುವುದಾ, ಆಸ್ಬೆಸ್ಟಾಸ್ ಕೆಲಸವಾ, ಡೀಸೆಲ್ ಗಾಡಿಗಳ ಗ್ಯಾರೇಜಾ?

ಬರೆಯಲು ಕೂತಾಗ ಅಜ್ಜಿಯ ಬಾಯಿಂದ ಬಂದದ್ದು ಹೀಗಿತ್ತು. ದೊಡ್ಡಪ್ಪ ಹೋದದ್ದು "ಎದೆ ರೋಗದಿಂದ". ಅಜ್ಜನ ತಮ್ಮನಿಗೆ "ಕ್ಷಯ". ಇನ್ನೊಬ್ಬರಿಗೆ "ಗೂರಲು, ಕೊನೆಗೆ ರಕ್ತ ಕಾರಿದರು". ಇದರಲ್ಲಿ ಯಾವುದು ಕ್ಯಾನ್ಸರ್ ಅಂತ ಈಗ ಯಾರೂ ಹೇಳಲಾರರು. ಊಹಿಸಿ ಬರೆಯಬೇಡಿ. ಅಜ್ಜಿ ಹೇಳಿದ ಮಾತನ್ನೇ ಹಾಗೇ ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಹಾಕಿ. ಹಳೆಯ ಡಿಸ್ಚಾರ್ಜ್ ಶೀಟ್ ಸಿಕ್ಕರೆ ಬಂಗಾರ.

"ಶ್ವಾಸಕೋಶಕ್ಕೆ ಕ್ಯಾನ್ಸರ್ ಆಗಿತ್ತು" ಅಂದವರೆಲ್ಲರಿಗೂ ಅದು ಶ್ವಾಸಕೋಶದಲ್ಲೇ ಹುಟ್ಟಿರಲಿಲ್ಲ. ಸ್ತನ, ಕರುಳು, ಮೂತ್ರಪಿಂಡದ್ದು ಕೊನೆಗೆ ಅಲ್ಲಿಗೆ ಹಬ್ಬುವುದುಂಟು. ನಮ್ಮ ಮರದಲ್ಲಿ ಅತ್ತೆಯ ಹೆಸರಿನ ಪಕ್ಕ ಹೀಗೇ ತಪ್ಪಾಗಿತ್ತು. ಅವರದ್ದು ಮೂಲದಲ್ಲಿ ಸ್ತನದ ಕ್ಯಾನ್ಸರ್.

ನಮ್ಮ ಕಡೆ ಇನ್ನೊಂದು ಗೋಜಲು ಇದೆ. ಸೋದರಮಾವನನ್ನೇ ಮದುವೆಯಾದ ಮನೆಗಳಲ್ಲಿ ಒಬ್ಬನೇ ವ್ಯಕ್ತಿ ಮರದಲ್ಲಿ ಎರಡು ಕಡೆ ಬರುತ್ತಾನೆ. ಮುಜುಗರ ಬೇಡ, ಎರಡು ಕಡೆಯೂ ಬರೆದು ಒಂದು ಗೆರೆ ಎಳೆದು ಜೋಡಿಸಿ. ಜೆನೆಟಿಕ್ ಕೌನ್ಸೆಲರ್ (ವಂಶದ ಕಾಯಿಲೆಗಳ ಬಗ್ಗೆ ಸಲಹೆ ಕೊಡುವವರು) ಹತ್ತಿರ ಹೋದರೆ ಅವರು ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ.

3. ಮರವನ್ನು ಓದುವುದು

ಅಪ್ಪ, ಅಮ್ಮ, ಅಣ್ಣ-ತಮ್ಮ ಅಥವಾ ಅಕ್ಕ-ತಂಗಿಗೆ ಶ್ವಾಸಕೋಶದ ಕ್ಯಾನ್ಸರ್ ಬಂದಿದ್ದರೆ ನಿಮ್ಮ ಅಪಾಯ ಸುಮಾರು ಒಂದೂವರೆ ಪಟ್ಟು ಆಗುತ್ತದೆ. ಕೇಳಿದರೆ ಭಯ ಆಗುತ್ತದೆ ಅಲ್ವಾ? ಪಕ್ಕದಲ್ಲಿ ಇನ್ನೊಂದು ಅಂಕಿ ಇಟ್ಟು ನೋಡಿ. ಸಿಗರೇಟ್ ಸೇದುವವರ ಅಪಾಯ ಸೇದದವರಿಗಿಂತ 15ರಿಂದ 30 ಪಟ್ಟು. ಸೇದದವರ ಅಪಾಯ ಮೊದಲೇ ಸಣ್ಣದು. ಸಣ್ಣದರ ಒಂದೂವರೆ ಪಟ್ಟು ಸಣ್ಣದೇ. ಆದರೆ ಸೇದುವವರ ದೊಡ್ಡ ಅಂಕಿಯ ಮೇಲೆ ವಂಶದ್ದೂ ಸೇರಿಕೊಂಡರೆ ಕಥೆ ಬೇರೆ.

ಆ ಒಂದೂವರೆ ಪಟ್ಟಿನಲ್ಲೂ ಎಲ್ಲವೂ ಜೀನ್ ಅಲ್ಲ. ಒಂದೇ ಮನೆಯವರು ಒಂದೇ ಹೊಗೆ ಕುಡಿದಿರುತ್ತಾರೆ. ಅಪ್ಪ ಸೇದಿದರೆ ಮಗ ಸೇದುವುದು ಜಾಸ್ತಿ. ಇದನ್ನು ಬೇರ್ಪಡಿಸಲು ಅವಳಿ ಮಕ್ಕಳನ್ನು ನೋಡುತ್ತಾರೆ. ಡೆನ್ಮಾರ್ಕ್, ಫಿನ್ಲೆಂಡ್, ನಾರ್ವೆ, ಸ್ವೀಡನ್‌ನ 2 ಲಕ್ಷಕ್ಕೂ ಹೆಚ್ಚು ಅವಳಿಗಳ ಲೆಕ್ಕ 2016ರಲ್ಲಿ ಪ್ರಕಟವಾಯಿತು. ಯಾರಿಗೆ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ, ಯಾರಿಗಿಲ್ಲ ಎಂಬ ವ್ಯತ್ಯಾಸದಲ್ಲಿ ವಂಶದ ಪಾಲು ಅಲ್ಲಿ ಸುಮಾರು 18% ಬಂತು. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಅದೇ ಲೆಕ್ಕ 57%. ಮರದ ಹಾಳೆಯಲ್ಲಿ ಹೊಗೆಯ ಕಾಲಂ ಯಾಕೆ ಬೇಕು ಅಂತ ಈಗ ಗೊತ್ತಾಯಿತಲ್ಲ.

ಇಷ್ಟಾದರೂ ಕೆಲವು ಮರಗಳನ್ನು ನೋಡಿದರೆ ಡಾಕ್ಟರ್ ಹತ್ತಿರ ಒಯ್ಯಲೇಬೇಕು. ಹೊಗೆ ಸೋಕದ ಒಬ್ಬರಿಗೆ 50ರ ಒಳಗೇ ಬಂದಿದ್ದರೆ. ಒಂದೇ ಕಡೆಯ ಇಬ್ಬರು ಮೂವರು ಹತ್ತಿರದವರಿಗೆ, ಅದೂ ಸೇದದವರಿಗೆ ಬಂದಿದ್ದರೆ. ಒಬ್ಬರಿಗೇ ಎರಡು ಬೇರೆ ಬೇರೆ ಕ್ಯಾನ್ಸರ್ ಆಗಿದ್ದರೆ. ಚಿಕ್ಕ ವಯಸ್ಸಿನ ಸ್ತನ ಕ್ಯಾನ್ಸರ್, ಮಕ್ಕಳಲ್ಲಿ ಮೂಳೆ ಅಥವಾ ಮಾಂಸಖಂಡದ ಕ್ಯಾನ್ಸರ್, ಮಿದುಳಿನ ಗಡ್ಡೆ ಇವೆಲ್ಲ ಒಂದೇ ಮರದಲ್ಲಿ ಕಂಡರೆ. ಕೊನೆಯದು ಟಿಪಿ53 ಜೀನ್ ಹುಟ್ಟಿನಿಂದಲೇ ಕೆಟ್ಟಿರುವ ಲೀ-ಫ್ರೌಮೆನಿ ಎಂಬ ಸ್ಥಿತಿಯ ಗುರುತು. ಆ ಮನೆಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕೂಡ ಮಾಮೂಲಿಗಿಂತ ಜಾಸ್ತಿ ಕಾಣುತ್ತದೆ.

4. ಉಳಿದ ನಮ್ಮಂಥವರ ಜೀನ್ ಏನು ಮಾಡುತ್ತದೆ?

ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ ಭಾಗ ಇದು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

2008ರಲ್ಲಿ ಮೂರು ಬೇರೆ ಬೇರೆ ತಂಡಗಳು ಸಾವಿರಾರು ಜನರ ಡಿಎನ್‌ಎ ಜಾಲಾಡಿದವು. ಮೂರೂ ತಂಡಗಳು ಬಂದು ನಿಂತದ್ದು ಒಂದೇ ಜಾಗಕ್ಕೆ: 15ನೇ ಕ್ರೋಮೋಸೋಮಿನ ಒಂದು ತುಂಡು. ಅಲ್ಲಿ ಸಿಎಚ್‌ಆರ್‌ಎನ್‌ಎ5 ಮತ್ತು ಅದರ ಅಕ್ಕಪಕ್ಕದ ಎರಡು ಜೀನ್‌ಗಳಿವೆ. ಕ್ಯಾನ್ಸರ್ ಜೀನ್ ಅಂದುಕೊಂಡರೆ ತಪ್ಪು. ಇವು ನಿಕೋಟಿನ್ ಬಂದು ಕೂರುವ ಜಾಗವನ್ನು ಕಟ್ಟುವ ಜೀನ್‌ಗಳು.

ನಿಕೋಟಿನ್ ಜಾಸ್ತಿಯಾದಾಗ ಮಿದುಳಿನ ಒಂದು ಭಾಗ "ಸಾಕು, ತಲೆ ಸುತ್ತುತ್ತಿದೆ" ಅನ್ನುತ್ತದೆ. ಹೊಸದಾಗಿ ಸೇದಿದವರಿಗೆ ಆಗುವ ವಾಕರಿಕೆ ನೆನಪಿಸಿಕೊಳ್ಳಿ. ಈ ಜೀನ್ ತೆಗೆದುಹಾಕಿದ ಇಲಿಗಳ ಮೇಲೆ ಮಾಡಿದ ಪ್ರಯೋಗ 2011ರಲ್ಲಿ ಬಂತು. ಆ ಇಲಿಗಳಿಗೆ "ಸಾಕು" ಅನ್ನಿಸುವುದು ಕಮ್ಮಿಯಾಗಿತ್ತು. ಎಷ್ಟು ಕೊಟ್ಟರೂ ಮತ್ತೆ ಮತ್ತೆ ನಿಕೋಟಿನ್‌ಗೆ ಹೋಗುತ್ತಿದ್ದವು. ಮನುಷ್ಯರಲ್ಲಿ ಈ ಜೀನಿನ ಒಂದು ಅಕ್ಷರ ಬದಲಾದರೆ ಅದರ ಕೆಲಸ ಮಂಕಾಗುತ್ತದೆ. ಅಂಥವರು ಸೇದುವ ಚಟಕ್ಕೆ ಬಿದ್ದರೆ ದಿನಕ್ಕೆ ಒಂದು ಸಿಗರೇಟ್ ಹೆಚ್ಚು ಸೇದುತ್ತಾರೆ, ಹೆಚ್ಚು ಆಳವಾಗಿ ಎಳೆಯುತ್ತಾರೆ. ಬದಲಾದ ಅಕ್ಷರ ಅಪ್ಪ-ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದಿದ್ದರೆ ಅಪಾಯ ಸುಮಾರು 30% ಜಾಸ್ತಿ. ಇಬ್ಬರಿಂದಲೂ ಬಂದಿದ್ದರೆ ಸುಮಾರು 80%.

ಈ ಅಂಕಿಗಳು ಸೇದುವವರವು. ಜೀವನದಲ್ಲಿ ಸೇದದೇ ಇದ್ದವರಲ್ಲಿ ಈ ಜೀನಿನ ಪರಿಣಾಮ ಕಾಣುವುದೇ ಇಲ್ಲ ಅನ್ನಬಹುದು. ಅಂದರೆ ಹುಟ್ಟಿನಿಂದ ಮೈಯಲ್ಲಿರುವ ಜೀನ್, ಬೆಂಕಿಕಡ್ಡಿ ಗೀರುವವರೆಗೂ ಸುಮ್ನೆ ಕೂತಿರುತ್ತದೆ. ನಮ್ಮ ಅಜ್ಜ ಸೇದಿಯೂ ಬಚಾವಾದರು ಅನ್ನುವವರು ಇಲ್ಲಿ ಒಂದು ನಿಮಿಷ ನಿಲ್ಲಿ. ನಿಮ್ಮ ಜೀನಿನಲ್ಲಿ ಅರ್ಧ ಅಪ್ಪನದ್ದು, ಅರ್ಧ ಅಮ್ಮನದ್ದು. ಅಜ್ಜನಿಂದ ನಿಮಗೆ ಬಂದಿರುವುದು ಸುಮಾರು ಕಾಲು ಪಾಲು. ಯಾವ ಕಾಲು ಅಂತ ಅಜ್ಜನಿಗೂ ಗೊತ್ತಿಲ್ಲ.

ಸೇದದವರ ಮೇಲೂ ಕೈಯಾಡಿಸುವ ಜೀನ್‌ಗಳು ಇವೆ. 5ನೇ ಕ್ರೋಮೋಸೋಮಿನ ಟಿಇಆರ್‌ಟಿ ಅಂಥದ್ದು. ಬಟ್ಟೆಯ ಎಳೆ ಬಿಚ್ಚದಂತೆ ಅಂಚು ಹೊಲಿಯುತ್ತೇವಲ್ಲ, ಕ್ರೋಮೋಸೋಮಿನ ತುದಿಗೂ ಅಂಥ ಅಂಚು ಇದೆ. ಅದನ್ನು ಕಾಯುವುದು ಈ ಜೀನಿನ ಕೆಲಸ. ಪೂರ್ವ ಏಷ್ಯಾದ ಸೇದದ ಹೆಂಗಸರಲ್ಲಿ ಅಡಿನೊಕಾರ್ಸಿನೋಮಾದ ಜೊತೆ ಇದರ ನಂಟು ಚೆನ್ನಾಗಿ ಕಂಡಿದೆ. ಟಿಪಿ63 ಎಂಬ ಇನ್ನೊಂದು ಜೀನ್ ಕೂಡ ಪೂರ್ವ ಏಷ್ಯಾದಲ್ಲೇ, ಜಪಾನ್ ಮತ್ತು ಕೊರಿಯಾದವರಲ್ಲಿ ಸಿಕ್ಕಿದ್ದು. ಬಿಆರ್‌ಸಿಎ2 ಸ್ತನ ಕ್ಯಾನ್ಸರ್‌ಗೆ ಹೆಸರುವಾಸಿ. ಅದರ ಒಂದು ಅಪರೂಪದ ಬದಲಾವಣೆ ಸ್ಕ್ವಾಮಸ್ ಎಂಬ ಬಗೆಯ ಶ್ವಾಸಕೋಶದ ಕ್ಯಾನ್ಸರ್‌ನ ಅಪಾಯವನ್ನು ಹೆಚ್ಚು ಕಡಿಮೆ ಎರಡು ಪಟ್ಟು ಮಾಡುತ್ತದೆ ಅಂತ 2014ರಲ್ಲಿ ಯುರೋಪಿನ ಮೂಲದವರಲ್ಲಿ ಕಂಡುಬಂತು.

5. ಎಂಜಲು ಕಳಿಸುವ ಕಿಟ್ ತರಿಸುವ ಮುಂಚೆ

ತಂಗಿ ಆನ್‌ಲೈನಿನಲ್ಲಿ ಕಿಟ್ ಕಾರ್ಟಿಗೆ ಹಾಕಿಟ್ಟಿದ್ದಳು. ನಾನು ಬೇಡ ಅಂದೆ. ಇಂಥ ಕಿಟ್‌ಗಳು ಹತ್ತಾರು ಸಣ್ಣ ಬದಲಾವಣೆಗಳನ್ನು ಕೂಡಿಸಿ "ನಿಮ್ಮ ಅಪಾಯ ಇಷ್ಟು" ಅಂತ ಒಂದು ಅಂಕಿ ಕೊಡುತ್ತವೆ. ಆ ಕೂಡಿಸುವ ಲೆಕ್ಕ ಕಟ್ಟಿದ್ದು ಬಹುಪಾಲು ಯುರೋಪ್ ಮತ್ತು ಪೂರ್ವ ಏಷ್ಯಾದ ಜನರ ಡಿಎನ್‌ಎ ಮೇಲೆ. 15ನೇ ಕ್ರೋಮೋಸೋಮಿನ ಆ ಬದಲಾವಣೆ ಯುರೋಪಿನವರಲ್ಲಿ ಸಾಮಾನ್ಯ, ಚೀನಾ-ಜಪಾನಿನವರಲ್ಲಿ ತೀರಾ ವಿರಳ. ಹಾಗಿದ್ದ ಮೇಲೆ ಅವರ ಅಳತೆಗೆ ಹೊಲಿದ ಅಂಗಿ ನಮಗೆ ಹೇಗೆ ಕೂತೀತು? ನಮ್ಮವರ ಜೀನಿನ ಪಟ್ಟಿ ಈಗ ತಯಾರಾಗುತ್ತಿದೆ. ಬೆಂಗಳೂರಿನ ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುಂದೆ ನಿಂತು ನಡೆಸಿದ ಜೀನೋಮ್ ಇಂಡಿಯಾ ಯೋಜನೆಯಲ್ಲಿ ದೇಶದ 10,000 ಜನರ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎ, ಓದಿದ್ದಾರೆ. 2025ರ ಜನವರಿಯಲ್ಲಿ ಆ ಮಾಹಿತಿಯನ್ನು ಸಂಶೋಧಕರಿಗೆ ತೆರೆದರು.

ಇನ್ನೊಂದು ತೊಂದರೆ, "ನಿಮ್ಮ ಅಪಾಯ ಕಮ್ಮಿ" ಅಂತ ಬಂದ ರಿಪೋರ್ಟ್. ಸೇದುವವರ ಕೈಗೆ ಅದು ಸಿಕ್ಕರೆ ಲೈಸೆನ್ಸ್ ಸಿಕ್ಕ ಹಾಗೆ.

6. ನಿಜವಾಗಿ ಪರೀಕ್ಷೆ ಬೇಕಾದವರು

ಮೂರನೇ ಹಂತದ ಗುರುತುಗಳು ನಿಮ್ಮ ಮರದಲ್ಲಿದ್ದರೆ, ಅಥವಾ ಗಡ್ಡೆಯ ರಿಪೋರ್ಟೇ ಅನುಮಾನ ಹುಟ್ಟಿಸಿದ್ದರೆ, ಕ್ಯಾನ್ಸರ್ ಆಸ್ಪತ್ರೆಯ ಜೆನೆಟಿಕ್ ಕೌನ್ಸೆಲಿಂಗ್‌ಗೆ ಹೋಗಿ. ಹೋಗುವಾಗ ಮರದ ಹಾಳೆ ಮತ್ತು ಬಯಾಪ್ಸಿ ರಿಪೋರ್ಟ್ ಎರಡೂ ಕೈಯಲ್ಲಿರಲಿ.

ಪರೀಕ್ಷೆ ಮೊದಲು ಮಾಡಿಸಬೇಕಾದ್ದು ಕ್ಯಾನ್ಸರ್ ಬಂದವರಿಗೆ, ಆರೋಗ್ಯವಾಗಿರುವವರಿಗೆ ಅಲ್ಲ. ಅವರ ರಕ್ತದಲ್ಲಿ ಬದಲಾವಣೆ ಸಿಕ್ಕರೆ, ಅದೊಂದನ್ನೇ ಉಳಿದವರಲ್ಲಿ ಹುಡುಕಬಹುದು. ಖರ್ಚೂ ಕಮ್ಮಿ, ಉತ್ತರವೂ ಸ್ಪಷ್ಟ. ಅವರನ್ನು ಬಿಟ್ಟು ನೇರ ಮಗಳಿಗೆ ಮಾಡಿಸಿ "ಏನೂ ಇಲ್ಲ" ಅಂತ ಬಂದರೆ, ಮನೆಯಲ್ಲಿ ಇದ್ದದ್ದು ಇವಳಿಗೆ ಬಂದಿಲ್ಲವಾ, ಅಥವಾ ಮನೆಯಲ್ಲೇ ಇರಲಿಲ್ಲವಾ ಅಂತ ಗೊತ್ತಾಗುವುದಿಲ್ಲ. ಬದಲಾವಣೆ ಇರುವ ತಂದೆ ಅಥವಾ ತಾಯಿಯಿಂದ ಪ್ರತಿ ಮಗುವಿಗೂ ಅದು ಹೋಗುವ ಸಾಧ್ಯತೆ ಅರ್ಧಕ್ಕರ್ಧ. ಹೆಣ್ಣು-ಗಂಡು ಭೇದವಿಲ್ಲ.

ರಿಪೋರ್ಟಿನಲ್ಲಿ ಇದೆ, ಇಲ್ಲ ಎಂಬ ಎರಡು ಉತ್ತರ ಮಾತ್ರ ಅಲ್ಲ, ಮೂರನೆಯದೂ ಬರುತ್ತದೆ. ಅದಕ್ಕೆ "ವಿಯುಎಸ್" ಅನ್ನುತ್ತಾರೆ. ಬದಲಾವಣೆ ಕಂಡಿದೆ, ಅದರಿಂದ ಕೆಡುಕು ಇದೆಯೋ ಇಲ್ಲವೋ ಇನ್ನೂ ತಿಳಿದಿಲ್ಲ ಅಂತ ಅರ್ಥ. ನಮ್ಮಂಥ ಕಡಿಮೆ ಅಧ್ಯಯನವಾದ ಜನರಲ್ಲಿ ಇದು ಜಾಸ್ತಿ ಬರುತ್ತದೆ. ಅದನ್ನು ನೋಡಿ ಯಾವ ತೀರ್ಮಾನವನ್ನೂ ಮಾಡಬೇಡಿ. ಒಂದೆರಡು ವರ್ಷ ಬಿಟ್ಟು ಮತ್ತೆ ಕೇಳಿ. ಟಿಪಿ53 ಸಿಕ್ಕರೆ ಮಾತ್ರ ಎಲ್ಲ ಡಾಕ್ಟರಿಗೂ ಹೇಳಿಡಿ. ಆ ಬದಲಾವಣೆ ಇರುವವರಿಗೆ ಬೇಡದ ಎಕ್ಸ್‌ರೇ, ಸಿಟಿ, ರೇಡಿಯೇಷನ್ ತಪ್ಪಿಸಬೇಕಾಗುತ್ತದೆ.

7. ಈಗ ಮಾಡಬೇಕಾದ್ದು

ಸೇದುವವರಿದ್ದರೆ ಬಿಡಿಸುವುದು. ಬೀಡಿ ಎಲೆಯಲ್ಲಿ ಸುತ್ತಿದ್ದು, ಸಿಗರೇಟಿನಷ್ಟು ಕೆಟ್ಟದ್ದಲ್ಲ ಅನ್ನುವ ಮಾತು ನಂಬಬೇಡಿ. ಬೀಡಿ ಬೇಗ ಆರುತ್ತದೆ, ಆರದಿರಲಿ ಅಂತ ಜೋರಾಗಿ, ಪದೇ ಪದೇ ಎಳೆಯುತ್ತಾರೆ. ಬಿಟ್ಟು ಹತ್ತು ವರ್ಷವಾದರೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಸೇದುತ್ತಲೇ ಇರುವವರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಜೀನ್ ಏನೇ ಇರಲಿ, ಬಿಟ್ಟರೆ ಲಾಭವೇ. ಸಿಗರೇಟ್ ಪ್ಯಾಕಿನ ಮೇಲೇ ಅಚ್ಚಾಗಿರುವ 1800-11-2356 ಉಚಿತ ಸಹಾಯವಾಣಿ. ನಿಮ್ಹಾನ್ಸ್ ಕೇಂದ್ರದವರು ಕನ್ನಡದಲ್ಲೇ ಮಾತಾಡುತ್ತಾರೆ.

ಅಡುಗೆಮನೆಯ ಹೊಗೆ ಎರಡನೆಯದು. ಮನೆಯೊಳಗೆ ಉರಿಸುವ ಕಲ್ಲಿದ್ದಲಿನ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಖಚಿತ ಕ್ಯಾನ್ಸರ್‌ಕಾರಕ ಎಂದೂ, ಸೌದೆಯ ಹೊಗೆಯನ್ನು ಬಹುಶಃ ಕ್ಯಾನ್ಸರ್‌ಕಾರಕ ಎಂದೂ ಹೆಸರಿಸಿದೆ. ಗ್ಯಾಸ್ ಬಂದ ಮೇಲೂ ಸ್ನಾನದ ನೀರಿಗೆ, ರೊಟ್ಟಿಗೆ ಹಳೆಯ ಒಲೆಯೇ ಉರಿಯುವ ಮನೆಗಳು ಎಷ್ಟಿಲ್ಲ!

ಇನ್ನು ಸ್ಕ್ಯಾನ್. ಕಡಿಮೆ ರೇಡಿಯೇಷನ್‌ನ ಸಿಟಿ ಸ್ಕ್ಯಾನ್ ವರ್ಷಕ್ಕೊಮ್ಮೆ ಮಾಡಿದರೆ, ತುಂಬಾ ಸೇದಿದವರಲ್ಲಿ ಈ ಕ್ಯಾನ್ಸರ್‌ನಿಂದಾಗುವ ಸಾವು 20% ಕಮ್ಮಿಯಾಗುತ್ತದೆ ಅಂತ ಅಮೆರಿಕದ ದೊಡ್ಡ ಪರೀಕ್ಷೆ 2011ರಲ್ಲಿ ತೋರಿಸಿತು. ಮಾಮೂಲಿ ಎಕ್ಸ್‌ರೇಯಿಂದ ಆ ಲಾಭ ಇಲ್ಲ. ಅಲ್ಲಿಯ 2021ರ ಸಲಹೆ ಹೀಗಿದೆ: ವಯಸ್ಸು 50ರಿಂದ 80, ಕನಿಷ್ಠ 20 ಪ್ಯಾಕ್-ವರ್ಷ ಸೇದಿರಬೇಕು, ಈಗಲೂ ಸೇದುತ್ತಿರಬೇಕು ಅಥವಾ ಬಿಟ್ಟು 15 ವರ್ಷದೊಳಗಿರಬೇಕು. ಪ್ಯಾಕ್-ವರ್ಷದ ಲೆಕ್ಕ ಸುಲಭ. ದಿನಕ್ಕೆ ಹತ್ತು ಸಿಗರೇಟ್ ಅಂದರೆ ಅರ್ಧ ಪ್ಯಾಕ್. 40 ವರ್ಷ ಸೇದಿದರೆ 20. ವಂಶದ ಮಾತು ಆ ಪಟ್ಟಿಯಲ್ಲಿಲ್ಲ. ತೈವಾನ್ ಮಾತ್ರ 2022ರಲ್ಲಿ ಶುರು ಮಾಡಿದ ಸರ್ಕಾರಿ ಸ್ಕ್ರೀನಿಂಗ್‌ನಲ್ಲಿ ಮನೆಯಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇದ್ದವರನ್ನೂ, ಸೇದದಿದ್ದರೂ, ಸೇರಿಸಿಕೊಂಡಿದೆ. ಅಲ್ಲಿ ಸೇದದ ಹೆಂಗಸರಲ್ಲಿ ಈ ಕ್ಯಾನ್ಸರ್ ಜಾಸ್ತಿ. ನಮ್ಮಲ್ಲಿ ಅಂಥ ಸರ್ಕಾರಿ ಕಾರ್ಯಕ್ರಮ ಇಲ್ಲ. ಹಳೆಯ ಟಿಬಿ ಕಲೆಗಳು ಸ್ಕ್ಯಾನಿನಲ್ಲಿ ಗಂಟಿನ ಹಾಗೆ ಕಂಡು ಸುಮ್ಮಸುಮ್ಮನೆ ಬಯಾಪ್ಸಿಗೆ ಓಡಾಡುವುದೂ ಇದೆ. ಹಾಗಾಗಿ ಪ್ಯಾಕೇಜ್ ಜಾಹೀರಾತು ನೋಡಿ ಹೋಗಬೇಡಿ. ಮರದ ಹಾಳೆ ಹಿಡಿದು ಶ್ವಾಸಕೋಶದ ಡಾಕ್ಟರ್ ಹತ್ತಿರ ಮಾತಾಡಿ ತೀರ್ಮಾನ ಮಾಡಿ.

ಟಿಬಿ ಮಾತು ಬಂತು, ನಮ್ಮ ಮನೆಯ ತಪ್ಪನ್ನೂ ಹೇಳಿಬಿಡುತ್ತೇನೆ. ಚಿಕ್ಕಮ್ಮನಿಗೆ ಕೆಮ್ಮು ಶುರುವಾದಾಗ ಒಂದು ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ನೋಡಿ ಟಿಬಿ ಅಂದರು. ಕಫ ಪರೀಕ್ಷೆ ಮಾಡಲಿಲ್ಲ, ನಾವೂ ಕೇಳಲಿಲ್ಲ. ನಾಲ್ಕು ತಿಂಗಳು ಮಾತ್ರೆ ನುಂಗಿದರು. ತೂಕ ಇಳಿಯುತ್ತಲೇ ಹೋಯಿತು. ಎರಡು ವಾರ ದಾಟಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ, ಮೊದಲು ಅದನ್ನು ಮಾಡಿಸಿ. ಕಫದಲ್ಲಿ ಟಿಬಿ ಕಾಣದಿದ್ದರೆ, ಅಥವಾ ಮಾತ್ರೆ ತಗೊಂಡೂ ಕೆಮ್ಮು ಕಮ್ಮಿಯಾಗದಿದ್ದರೆ, "ಸಿಟಿ ಮಾಡಿಸೋಣವಾ?" ಅಂತ ನೀವೇ ಬಾಯಿಬಿಟ್ಟು ಕೇಳಿ. ಕಫದಲ್ಲಿ ರಕ್ತ, ದನಿ ಒಡೆದು ವಾರಗಟ್ಟಲೆ ಸರಿಹೋಗದಿರುವುದು, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ತಡ ಮಾಡಬೇಡಿ. "ಅವಳು ಸೇದುವುದೇ ಇಲ್ಲವಲ್ಲ" ಅನ್ನುವ ಸಮಾಧಾನ ನಮ್ಮ ನಾಲ್ಕು ತಿಂಗಳು ತಿಂದಿತು.

ತಂಗಿಯ ಮರದಲ್ಲಿ ಕೊನೆಗೆ ಉಳಿದದ್ದು ಚಿಕ್ಕಮ್ಮ ಒಬ್ಬರೇ, ಎರಡು ಪ್ರಶ್ನಾರ್ಥಕ, ಮತ್ತು ಹೊಗೆಯ ಕಾಲಂನಲ್ಲಿ 30 ವರ್ಷದ ಸೌದೆ ಒಲೆ. ಡಾಕ್ಟರ್ ನೋಡಿ ರಕ್ತದ ಪರೀಕ್ಷೆ ಸದ್ಯಕ್ಕೆ ಬೇಡ ಅಂದರು. ಕಾರ್ಟಿನಲ್ಲಿದ್ದ ಕಿಟ್ ತೆಗೆದಳು. ಆಮೇಲೆ ಹಾಳೆಯನ್ನು ಗಂಡನ ಮುಂದೆ ಇಟ್ಟಳಂತೆ. ಅವನು ದಿನಾ ಬಾಲ್ಕನಿಯಲ್ಲಿ ನಿಂತು ಸೇದುವವನು. "ಇದು ನಿಮ್ಮ ಮನೆ ಮರ, ನನ್ನ ಹೆಸರು ಯಾಕೆ?" ಅಂದನಂತೆ. ಅವಳು ಕೆಳಗಿನ ಸಾಲಿನಲ್ಲಿದ್ದ ಪುಟ್ಟಿಯ ಹೆಸರು ತೋರಿಸಿ, ಅವನ ಹೆಸರಿನ ಪಕ್ಕ "ದಿನಕ್ಕೆ 10" ಅಂತ ಪೆನ್ಸಿಲಿನಲ್ಲಿ ಬರೆದಳು. ಹೋದ ತಿಂಗಳು ಅದನ್ನು ಅಳಿಸಿ 4 ಮಾಡಿದ್ದಾಳೆ.